ಹುಳುಮುಕ್ತ ನದಿಗೊಂದು ಪ್ರಮಾಣಪತ್ರ

ನದಿಯ ಮೀನುಗಳಲ್ಲಿ ಒಂದೇ ಒಂದು ಹುಳುವೂ ಸಿಗಲಿಲ್ಲವೆಂದು ಸ್ವಚ್ಛತಾ ಸಮಿತಿ ಪ್ರಮಾಣಪತ್ರ ಕೊಟ್ಟುಕೊಂಡಿದೆ. ಇದೇನು ಸುಮ್ಮನೆ ಆಗುವ ಸಾಧನೆಯಲ್ಲ.

ಚಪ್ಪಟೆಹುಳುವಿನ ಸಂಸಾರ ದೊಡ್ಡದು. ಮೊಟ್ಟೆಯೊಡೆದ ಮರಿ ಬಸವನಹುಳುವನ್ನು ಹೊಕ್ಕು, ಅಲ್ಲಿ ನೂರಾರಾಗಿ, ಬಾಲ ಬಡಿಯುತ್ತ ನೀರಿಗಿಳಿದು, ಮೀನಿನ ಮೈಯಲ್ಲಿ ಅಡಗಿ, ಆ ಮೀನನ್ನು ಕೊಕ್ಕರೆ ನುಂಗಿದ ಮೇಲೆಯೇ ಪ್ರಾಯಕ್ಕೆ ಬರಬೇಕು. ನಡುವೆ ಒಬ್ಬರು ಗೈರಾದರೂ ವಂಶ ಅಲ್ಲಿಗೇ ಮುಗಿಯಿತು. ಹುಳು ಇದೆಯೆಂದರೆ ಇವರೆಲ್ಲ ನದಿಯಲ್ಲಿ ಇದ್ದಾರೆ ಎಂದೇ ಅರ್ಥ. ಸಮಿತಿ ದಡಕ್ಕೆ ಕಾಂಕ್ರೀಟ್ ಬಳಿದು ಬಸವನಹುಳುವನ್ನು ಓಡಿಸಿತು, ಮರ ಕಡಿಸಿ ಕೊಕ್ಕರೆಯನ್ನು ಓಡಿಸಿತು. ಉಳಿದ ಮೀನೂ ಮೊನ್ನೆ ತೊಟ್ಟಿಯಿಂದ ತಂದು ಬಿಟ್ಟದ್ದು.

ತಪಾಸಣೆಯ ಕ್ರಮವಂತೂ ಅಪೂರ್ವ. ಕೆಲಸ ಬಲ್ಲವರು ಒಂದೇ ಜಾತಿಯ, ಒಂದೇ ಅಳತೆಯ ಸುಮಾರು 30 ಮೀನು ಹಿಡಿಯುತ್ತಾರೆ. ವಯಸ್ಸಾದ ಮೀನು ಹೆಚ್ಚು ಹುಳು ಕೂಡಿಹಾಕಿಕೊಂಡಿರುತ್ತದೆ, ಎಳೆಯದರ ಜೊತೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಮೀನು ಸತ್ತ ಕೂಡಲೇ ಕಿವಿರು ಕತ್ತರಿಸಿ ತಟ್ಟೆಗಿಟ್ಟು, ಕರುಳನ್ನು ತೆಳು ಉಪ್ಪುನೀರಿನಲ್ಲಿ ಸೀಳಿ, ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಸಮಿತಿ 4 ಮರಿಮೀನು ತಂದು ರಾತ್ರಿಯಿಡೀ ಮಂಜುಗಡ್ಡೆಯಲ್ಲಿಟ್ಟು, ಬೆಳಿಗ್ಗೆ ಚೆನ್ನಾಗಿ ತೊಳೆದು, ಬರಿಗಣ್ಣಿನಲ್ಲಿ ನೋಡಿತು. ಕಿವಿರಿನ ಹುಳುಗಳು ಅಷ್ಟರಲ್ಲಿ ಸತ್ತು, ಕಳಚಿ, ತೊಳೆದ ನೀರಿನೊಂದಿಗೆ ಚರಂಡಿ ಸೇರಿದ್ದವು.

ಹಾಗೆಂದು ಹುಳು ಹೆಚ್ಚಿದಷ್ಟೂ ನದಿ ಚೆನ್ನ ಎಂದಲ್ಲ. ಮೀನಿಗೆ ಅಂಟಿದ್ದು ಯಾವುದು ಎಂಬುದು ಮುಖ್ಯ. ಕೊಳಚೆ ಸೇರುವಲ್ಲಿ ಟ್ರೈಕೊಡೈನಾ ಮೆರೆಯುತ್ತದೆ. ಈ ಏಕಕೋಶಿಗೆ ಮೀನಿನ ಮೈ ಬರೀ ಆಸನ, ಊಟ ನೀರಿನ ಬ್ಯಾಕ್ಟೀರಿಯಾ. ಬಸವನಹುಳುವಿನ ಹಂಗೂ ಇಲ್ಲ, ಕೊಕ್ಕರೆಯ ಹಂಗೂ ಇಲ್ಲ. ಬರಿಗಣ್ಣಿಗಂತೂ ಕಾಣದು, ಹಾಗಾಗಿ ಸಮಿತಿಯ ವರದಿಯಲ್ಲಿ ಅದೂ ಇಲ್ಲ.

ಮೀನಿನ ಕರುಳಿಗೆ ಮೂತಿ ಚುಚ್ಚಿ ಬದುಕುವ ಮುಳ್ಳುತಲೆ ಹುಳುವನ್ನು ಕಳೆದುಕೊಂಡದ್ದು ಇನ್ನೂ ದುಬಾರಿ. ಬಾಯಿಯಿಲ್ಲ, ಕರುಳಿಲ್ಲ, ಎಲ್ಲವನ್ನೂ ಚರ್ಮದಿಂದಲೇ ಹೀರುತ್ತದೆ. ಯುರೋಪಿನ ನದಿಮೀನುಗಳ ಪಾಂಫೊರಿಂಕಸ್ ಎಂಬ ಮುಳ್ಳುತಲೆ ಹುಳುವಿನಲ್ಲಿ ಸೀಸದ ಪ್ರಮಾಣ ಮೀನಿನ ಮಾಂಸಕ್ಕಿಂತ ಸಾವಿರ ಪಟ್ಟಿಗೂ ಮೀರಿ ಕಂಡಿದೆ. ಸಂಬಳವಿಲ್ಲದ ಇಂಥ ಮಾಪಕವನ್ನು ಓಡಿಸಿದ ಸಮಿತಿ ಈಗ ಸೀಸ ಅಳೆಯುವ ಯಂತ್ರಕ್ಕೆ ಟೆಂಡರ್ ಕರೆದಿದೆ.

ಮುಂದಿನ ಗುರಿ ಸಿಹಿನೀರಿನ ಕಪ್ಪೆಚಿಪ್ಪು. ಅದರ ಮರಿಗಳು ಕೆಲವು ವಾರ ಮೀನಿನ ಕಿವಿರಿಗೆ ಕಚ್ಚಿಕೊಂಡು ಬೆಳೆದು ಉದುರುತ್ತವೆ. ಪರಾವಲಂಬಿ ಎಂದರೆ ಪರಾವಲಂಬಿಯೇ, ಆದ್ದರಿಂದ ತಳ ಕೆರೆದು ತೆಗೆಸಲು ಠರಾವು ಪಾಸಾಯಿತು. ಬೆಳೆದ ಚಿಪ್ಪುಗಳು ಹಗಲಿರುಳು ನೀರು ಸೋಸುತ್ತವೆ ಎಂದು ಸದಸ್ಯರೊಬ್ಬರು ಗೊಣಗಿದರಂತೆ. ಅಧ್ಯಕ್ಷರು ಅದನ್ನೂ ಬರೆಸಿಕೊಂಡರು: ಸೋಸುವ ಘಟಕಕ್ಕೆ ಪ್ರತ್ಯೇಕ ಟೆಂಡರ್.