ಎಷ್ಟು ಮೂರ್ತಿ?

ಮಧ್ಯಪ್ರದೇಶದ ಓಂಕಾರೇಶ್ವರದಲ್ಲಿ ನರ್ಮದಾ ಪರಿಕ್ರಮದ ಸಂಕಲ್ಪ ಮಾಡಿ, ಪುಟ್ಟ ಸೀಸೆಯೊಂದರಲ್ಲಿ ನರ್ಮದೆಯ ನೀರು ತುಂಬಿಕೊಂಡು, ನದಿಯನ್ನು ಬಲಕ್ಕಿಟ್ಟು ದಕ್ಷಿಣ ದಂಡೆಯ ಮೇಲೆ ಪಶ್ಚಿಮಕ್ಕೆ ಹೊರಟ ಜನವರಿ 20ರಂದು ನನ್ನ ಬೆನ್ನ ಮೇಲೆ ಏಳು ಕಿಲೋ ಭಾರವೂ ನನ್ನ ಭಾವನ ಕೈಯಲ್ಲಿ ಒಂದು ಲೆಡ್ಜರೂ ಇದ್ದವು. ಭಾವ ಬ್ಯಾಂಕಿನಿಂದ ನಿವೃತ್ತರಾದವರು. ಪ್ರತಿ ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ಹಳೆಯ ಕೈಪಿಡಿಯೊಂದರಿಂದ ಎತ್ತಿಕೊಂಡು, ತಾರೀಖು, ಊರು, ಧರ್ಮಶಾಲೆ, ದೂರ, ಷರಾ ಎಂಬ ಐದು ಅಂಕಣಗಳಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ಬರೆದಿದ್ದರು. ಷರಾ ಅಂಕಣ ಮಾತ್ರ ಖಾಲಿ ಇತ್ತು. ಅದನ್ನು ತುಂಬುವ ಜವಾಬ್ದಾರಿಯನ್ನು ನರ್ಮದೆಯೇ ವಹಿಸಿಕೊಂಡಳು.

ನಮ್ಮ ಕಡೆಯ ಪಾದಯಾತ್ರೆಗಳನ್ನು ಕಂಡವರಿಗೆ ಈ ದಾರಿಯ ಅಂದಾಜು ಸಿಗುವುದಿಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೋ ಯುಗಾದಿಗೆ ಶ್ರೀಶೈಲಕ್ಕೋ ನಡೆಯುವವನು ದಾರಿ ತಪ್ಪಬೇಕೆಂದುಕೊಂಡರೂ ಮುಂದಿನವನ ಬೆನ್ನು ಅಡ್ಡ ಬರುತ್ತದೆ. ದಣಿವಾಗುವ ಮೊದಲೇ ಯಾರೋ ಪೆಂಡಾಲು ಹಾಕಿ ಮಜ್ಜಿಗೆ ಹಿಡಿದು ನಿಂತಿರುತ್ತಾರೆ. ನರ್ಮದೆಯ ಉದ್ದ 1,312 ಕಿಲೋಮೀಟರು. ಎರಡೂ ದಂಡೆಗಳನ್ನು ಸುತ್ತಿ ಬರಲು ಸಂಪ್ರದಾಯ ಕೊಟ್ಟಿರುವ ಕಾಲಾವಕಾಶ 3 ವರ್ಷ, 3 ತಿಂಗಳು, 13 ದಿನ. ನನ್ನ ಕಚೇರಿ ಕೊಟ್ಟಿದ್ದು 12 ದಿನ. ಆದ್ದರಿಂದ ನಮ್ಮದು ತುಂಡು ಪರಿಕ್ರಮ. ಇಷ್ಟು ಉದ್ದದ ದಾರಿಯಲ್ಲಿ ಚದುರಿಹೋದ ಯಾತ್ರಿಕರು ದಿನಕ್ಕೆ ಬೆರಳೆಣಿಕೆಯಷ್ಟು ಕಂಡರೆ ಹೆಚ್ಚು.

ಮೊದಲ ಸಂಜೆಯ ಧರ್ಮಶಾಲೆಗೆ ಬೀಗ ಬಿದ್ದಿತ್ತು. ಕತ್ತಲಾಗುವ ಹೊತ್ತಿಗೆ ತಗಡಿನ ಚಾವಣಿಯ ಒಂದು ಆಶ್ರಮ ಕಂಡಿತು. ಜಗುಲಿಯ ಮೇಲೆ ಗೋಣಿತಾಟು ಹಾಸಿಕೊಂಡು ಕುಳಿತಿದ್ದ ಬಾಬಾ ನಮ್ಮ "ನರ್ಮದೇ ಹರ್" ಎಂಬ ಕ್ಷೀಣ ಕೂಗಿಗೆ ಗುಡುಗಿನಂಥ "ಹರ್" ಸೇರಿಸಿ, ಕೂಡಲೇ "ಕಿತ್ನೀ ಮೂರ್ತಿ?" ಎಂದು ಕೇಳಿದರು. ಆ ದಂಡೆಯಲ್ಲಿ ಯಾತ್ರಿಕರನ್ನು ಜನ ಎಂದು ಎಣಿಸುವುದಿಲ್ಲ, ದೇವರ ಹಾಗೆ ಮೂರ್ತಿ ಎಂದು ಎಣಿಸುತ್ತಾರೆ ಎಂಬುದು ನಮಗೆ ಮರುದಿನ ತಿಳಿದ ಸಂಗತಿ. ಆ ಸಂಜೆ ತಿಳಿದಿದ್ದುದು ಒಂದೇ: ನನ್ನ ಭಾವನ ಹೆಸರು ಮೂರ್ತಿ.

ಬ್ಯಾಂಕಿನ ಹಿಂದಿ ಸಪ್ತಾಹದಲ್ಲಿ ಸಮಾಧಾನಕರ ಬಹುಮಾನ ಪಡೆದಿದ್ದ ಭಾವ, ಇಷ್ಟು ದೂರದಲ್ಲೂ ತಮ್ಮ ಹೆಸರು ಗೊತ್ತಿರುವುದಕ್ಕೆ ಒಳಗೊಳಗೇ ಹಿಗ್ಗಿ, "ಏಕ್ ಹೀ ಮೂರ್ತಿ. ಮೈ. ಯಹ್ ಮೇರಾ ಸಾಲಾ" ಎಂದು ನನ್ನತ್ತ ಬೆರಳು ತೋರಿಸಿದರು. ಹೆಂಡತಿಯ ತಮ್ಮನಿಗೆ ಹಿಂದಿಯಲ್ಲಿ ಅದೇ ಪದ, ಒಪ್ಪುತ್ತೇನೆ. ಅದು ಬೈಗುಳವೂ ಹೌದು. ಅಲ್ಲದೆ ಬ್ಯಾಂಕಿನವರ ಬಾಯಲ್ಲಿ ಅದು ಕೇಳಿಸಿದಾಗ ನನಗೆ ಎರಡೂ ಭಾಷೆಗಳಲ್ಲಿ ಏಕಕಾಲಕ್ಕೆ ಅವಮಾನವಾಯಿತು.

ಬಾಬಾ ತಲೆಯಾಡಿಸಿ "ಆಸನ ಲಗಾ ಲೋ" ಎಂದರು. ಹಾಸಿಗೆ ಬಿಚ್ಚಿಕೊಳ್ಳಿ, ಇವತ್ತು ಇಲ್ಲೇ ತಂಗಿ ಎಂದು ಅದರ ಅರ್ಥ. ಮೂವತ್ತು ವರ್ಷಗಳಿಂದ ಬೆಳಗ್ಗೆ ಯೋಗ ಮಾಡುತ್ತ ಬಂದಿರುವ ಭಾವ, ಪ್ರವೇಶಕ್ಕೆ ಇದೊಂದು ಪರೀಕ್ಷೆ ಇರಬೇಕೆಂದು ಭಾವಿಸಿ, ಇಡೀ ದಿನ ನಡೆದ ಕಾಲುಗಳನ್ನು ಒಂದರ ಮೇಲೊಂದು ಎಳೆದುಕೊಂಡು ಜಗುಲಿಯ ನಡುವೆ ಪದ್ಮಾಸನ ಹಾಕಿ ಕಣ್ಣು ಮುಚ್ಚಿದರು. ಬಾಬಾ ಸ್ವಲ್ಪ ಹೊತ್ತು ಗೌರವದಿಂದ ಕಾದರು. ಆಮೇಲೆ ಊಟದ ಗಂಟೆ ಬಾರಿಸಿದಾಗ ಪದ್ಮಾಸನ ಬಿಡಿಸಲು ಇಬ್ಬರು ಬೇಕಾಯಿತು.

ಊಟಕ್ಕೆ ಬಂದಿದ್ದು ಒಂದು ತಟ್ಟೆ ಖಿಚಡಿ. ಮಲಗಲು ಕೊಟ್ಟಿದ್ದು ಒಂದು ಕಂಬಳಿ. ಮೂರ್ತಿ ಒಂದೇ ಎಂದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಸಾಲಾ ಎಂಬವನು ಬೀಳ್ಕೊಡಲು ಬಂದವನು, ಕೊನೆಯ ಬಸ್ಸಿಗೆ ಹಿಂದಿರುಗುತ್ತಾನೆ ಎಂದು ಬಾಬಾ ತಿಳಿದಿದ್ದರಂತೆ. ಗಂಟೆ ಒಂಬತ್ತಾದರೂ ನಾನು ಕಂಬಕ್ಕೊರಗಿ ಕುಳಿತಿದ್ದುದನ್ನು ಕಂಡು ಅವರೇ ಮರುಗಿ, ಇನ್ನೊಂದು ತಟ್ಟೆ ತಂದು, ನನ್ನನ್ನೂ ಮೂರ್ತಿಯ ದರ್ಜೆಗೆ ಏರಿಸಿದರು. ಕಂಬಳಿ ಮಾತ್ರ ಮುಗಿದುಹೋಗಿತ್ತು. ಭಾವ ಮಲಗುವ ಮುನ್ನ ಟಾರ್ಚು ಹಿಡಿದು ಷರಾ ಬರೆದರು: "ಒಬ್ಬರಿಗೆ ಮಾತ್ರ."

ಎರಡನೆಯ ರಾತ್ರಿಯ ಮಠದಲ್ಲಿ ಸದಾವ್ರತ ಕೊಡುತ್ತಾರೆಂದು ಕೇಳಿ ಕೈಕಾಲು ತೊಳೆದುಕೊಂಡು ಸಾಲಿನಲ್ಲಿ ಕುಳಿತೆವು. ಸದಾವ್ರತವೆಂದರೆ ಹಿಟ್ಟು, ಬೇಳೆ, ಉಪ್ಪು. ಬೇಯಿಸಿಕೊಳ್ಳುವುದು ನಮ್ಮ ಕೆಲಸ. ಭಾರ ಕಡಿಮೆ ಮಾಡಲು ಪಾತ್ರೆಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಪಕ್ಕದ ಸಾಧುವಿನ ತವೆ ಎರವಲು ಪಡೆದು ಭಾವ ತಟ್ಟಿದ ಟಿಕ್ಕಡ್ ಎಂಬ ದಪ್ಪ ರೊಟ್ಟಿಯ ಬಗ್ಗೆ ಅಕ್ಕನಿಗೆ ತಿಳಿಸುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ನಿಜವಾದ ಪರೀಕ್ಷೆ ಎದುರಾದದ್ದು ನಾಲ್ಕನೆಯ ಸಂಜೆ, ನಾವಡಾಟೋಲಿಯಲ್ಲಿ. ಪುರಾತತ್ತ್ವಜ್ಞ ಎಚ್. ಡಿ. ಸಾಂಕಲಿಯಾ ಅವರು 1950ರ ದಶಕದಲ್ಲಿ ಉತ್ಖನನ ನಡೆಸಿ, ಮೂರು ಸಾವಿರ ವರ್ಷಗಳಿಗೂ ಹಿಂದೆ ಮಂದಿ ಬಿದಿರು, ಮಣ್ಣುಗಳ ಗುಡಿಸಲು ಕಟ್ಟಿಕೊಂಡು ಬದುಕಿದ್ದರೆಂದು ತೋರಿಸಿಕೊಟ್ಟ ಊರು ಅದು. ನಮಗೆ ಸಿಕ್ಕ ಗುಡಿಸಲನ್ನು ಅವರು ನೋಡಿದ್ದರೆ ಅಗೆಯುವ ಶ್ರಮ ಉಳಿಯುತ್ತಿತ್ತು. ಎದುರು ದಂಡೆಯಲ್ಲಿ, ಕೂಗಿದರೆ ಕೇಳಿಸಬಹುದಾದಷ್ಟು ಹತ್ತಿರದಲ್ಲಿ, ಮಹೇಶ್ವರದ ಕೋಟೆ ದೀಪಗಳಿಂದ ಝಗಝಗಿಸುತ್ತಿತ್ತು. 1767ರಿಂದ 1795ರವರೆಗೆ ಅಲ್ಲಿಂದ ರಾಜ್ಯವಾಳಿದ ಅಹಲ್ಯಾಬಾಯಿ ಹೋಳ್ಕರ್, ಯಾತ್ರಿಕರಿಗೆ ತೊಂದರೆಯಾಗಬಾರದೆಂದು ಕಾಶಿಯಿಂದ ರಾಮೇಶ್ವರದವರೆಗೆ ಘಾಟು, ಛತ್ರ, ಧರ್ಮಶಾಲೆಗಳನ್ನು ಕಟ್ಟಿಸಿದ ಮಹಾತಾಯಿ. ಆಕೆಯ ಮನೆಬಾಗಿಲಿನ ಎದುರಿಗೇ ನಾವು ನಡುಗುತ್ತ ಕುಳಿತಿದ್ದೆವು.

"ನೋಡಯ್ಯ, ಆ ಲಾಡ್ಜಿನಲ್ಲಿ ಬಿಸಿನೀರು ಇದ್ದೇ ಇರುತ್ತೆ. ದೋಣೀಲಿ ಹತ್ತು ನಿಮಿಷ" ಎಂದರು ಭಾವ.

"ನದಿ ದಾಟಿದರೆ ಪರಿಕ್ರಮ ಮುರಿದ ಹಾಗೆ, ಭಾವ."

"ನಿಯಮದ ಪ್ರಕಾರವೇ ಹೋಗೋದಾದ್ರೆ?"

ನಿಯಮದ ಪ್ರಕಾರವಾದರೆ ಗುಜರಾತಿನವರೆಗೆ ನಡೆದು, ವಿಮಲೇಶ್ವರದಲ್ಲಿ ದೋಣಿ ಹತ್ತಿ ಸಮುದ್ರ ಸಂಗಮವನ್ನು ಬಳಸಿ, ಮೀಠೀ ತಲಾಯಿಯಲ್ಲಿ ಇಳಿದು, ಉತ್ತರ ದಂಡೆ ಹಿಡಿದು ಇಷ್ಟೂ ದೂರ ಹಿಂದಿರುಗಬೇಕು. ಬಿಸಿನೀರು ಬೇಸಿಗೆಗೆ ಸಿಕ್ಕರೆ ಪುಣ್ಯ. ಷರಾ: "ಕಾಣುತ್ತದೆ, ಲಭ್ಯವಿಲ್ಲ."

ಜನವರಿ 25ರ ಸಂಜೆ ಒಂದು ಹಳ್ಳಿಯ ಶಾಲೆಯ ಜಗುಲಿ ದೊರೆಯಿತು. ಮೇಷ್ಟ್ರು ಸಂಕೋಚಪಡಬೇಡಿ, ನಾಳೆ ಪಾಠವಿಲ್ಲ ಎಂದರು. ಪಾಠ ಏಕಿಲ್ಲವೆಂದು ಕೇಳುವ ವ್ಯವಧಾನ ನಮಗಿರಲಿಲ್ಲ. ರಾತ್ರಿಯಿಡೀ ಊರ ನಾಯಿಗಳು ನಮ್ಮ ವಿಚಾರಣೆ ನಡೆಸಿದ್ದರಿಂದ ಬೆಳಗಿನ ಜಾವಕ್ಕಷ್ಟೇ ಕಣ್ಣು ಹತ್ತಿತು. ತೆರೆದಾಗ ಡೋಲಿನ ಸದ್ದು, ಮುಂದೆ ಬಿಳಿ ಅಂಗಿ ತೊಟ್ಟ ನೂರು ಮಕ್ಕಳು, ನಡುವೆ ಧ್ವಜಸ್ತಂಭ. ಗಣರಾಜ್ಯೋತ್ಸವ. ನಾನು ಜಿಗಿದೆದ್ದೆ. ಭಾವನ ಸ್ಲೀಪಿಂಗ್ ಬ್ಯಾಗಿನ ಜಿಪ್ಪು ಮಾತ್ರ ಅವರ ಪಂಚೆಯ ಅಂಚನ್ನು ಕಚ್ಚಿಕೊಂಡು ಎದೆಯ ಮಟ್ಟದಲ್ಲಿ ನಿಂತುಬಿಟ್ಟಿತ್ತು. ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ನಾನು ಎಳೆದಷ್ಟೂ ಅದು ಪಂಚೆಯನ್ನು ಇನ್ನಷ್ಟು ನುಂಗಿತು. ಅಷ್ಟರಲ್ಲಿ ಧ್ವಜ ಏರಿ ರಾಷ್ಟ್ರಗೀತೆ ಆರಂಭವಾಯಿತು. ಭಾವ ಗೋಡೆಗೆ ಬೆನ್ನು ಕೊಟ್ಟು, ಚೀಲದೊಳಗೇ ಮೆಲ್ಲಗೆ ಮೇಲೆದ್ದು, ಗೋಣಿಚೀಲದ ಓಟಕ್ಕೆ ಅಣಿಯಾದ ಸ್ಪರ್ಧಿಯಂತೆ, ಆದರೆ ಪೂರ್ಣ ಗಾಂಭೀರ್ಯದಿಂದ, 52 ಸೆಕೆಂಡು ನೆಟ್ಟಗೆ ನಿಂತರು. ಮುಂದಿನ ಸಾಲಿನ ಗಾಯನ ಪಂಜಾಬ ಸಿಂಧುವಿನ ಹೊತ್ತಿಗೇ ಅದುರತೊಡಗಿತ್ತು. ಸರಪಂಚರು ಲಾಡು ಹಂಚುವಾಗ ಭಾವನ ಕೈಗಳು ಒಳಗಿದ್ದುದರಿಂದ ನೇರ ಬಾಯಿಗೇ ಇಟ್ಟರು. ಕೊನೆಗೆ ಹುಡುಗಿಯೊಬ್ಬಳು ಪೆನ್ಸಿಲಿನ ಮೊನೆಯನ್ನು ಜಿಪ್ಪಿನ ಹಲ್ಲುಗಳಿಗೆ ಉಜ್ಜಿ, ಒಂದೇ ಎಳೆತಕ್ಕೆ ಅವರಿಗೆ ಸ್ವಾತಂತ್ರ್ಯ ಕೊಡಿಸಿದಳು.

ಬಡವಾನಿ ಹತ್ತಿರವಾದಂತೆ ಲೆಡ್ಜರಿನ ಕೊನೆಯ ಧರ್ಮಶಾಲೆಯ ಮೇಲೆ ಭಾವನಿಗೆ ಅಪಾರ ವಿಶ್ವಾಸ ಮೂಡಿತ್ತು. ಕೈಪಿಡಿಯಲ್ಲಿ ಅದಕ್ಕೆ "ವಿಶಾಲವಾಗಿದೆ, ನೀರಿನ ಅನುಕೂಲ ಚೆನ್ನಾಗಿದೆ" ಎಂಬ ಹೊಗಳಿಕೆಯಿತ್ತು. ಸಂಜೆ ದಡದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರನಿಗೆ ಹೆಸರು ಓದಿ ಹೇಳಿದೆವು. ಅವನು ಕತ್ತೆತ್ತಿ, ನದಿಯ ನಡುವಿಗೆ ಕೈಚಾಚಿ, "ಅಲ್ಲಿದೆ" ಎಂದ. ಕೆಳಗೆ ಗುಜರಾತಿನಲ್ಲಿ ನರ್ಮದೆಗೆ ಕಟ್ಟಿದ ಸರ್ದಾರ್ ಸರೋವರ ಅಣೆಕಟ್ಟೆಯ ನೀರು 2019ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ 138.68 ಮೀಟರಿನ ಪೂರ್ಣ ಮಟ್ಟ ಮುಟ್ಟಿತ್ತು. ದಂಡೆಯ ಎಷ್ಟೋ ಊರುಗಳು, ಅವುಗಳ ಗುಡಿಗಳು, ಜಗುಲಿಗಳು ಹಿನ್ನೀರಿನಡಿ ಸೇರಿದ್ದವು. ಅವನ ಮನೆಯೂ ಅಲ್ಲೇ ಎಲ್ಲೋ ಇತ್ತಂತೆ; ಆ ಕೈ ಧರ್ಮಶಾಲೆಯಿಂದ ಸ್ವಲ್ಪ ಎಡಕ್ಕೆ ಸರಿದು ಅದನ್ನೂ ತೋರಿಸಿತು.

ಭಾವ ಲೆಡ್ಜರು ತೆರೆದರು. ಷರಾ ಅಂಕಣದ ಮೇಲೆ ಪೆನ್ನು ಇಟ್ಟವರು ಬಹಳ ಹೊತ್ತು ಏನನ್ನೂ ಬರೆಯಲಿಲ್ಲ.

ಮೀನುಗಾರ ಬಲೆಯನ್ನು ಹೆಗಲಿಗೇರಿಸಿ, ಗುಡ್ಡದ ಮೇಲಿನ ತಗಡಿನ ಮನೆಗಳತ್ತ ಎರಡು ಹೆಜ್ಜೆ ಹಾಕಿ, ತಿರುಗಿ ನೋಡಿದ.

"ಕಿತ್ನೀ ಮೂರ್ತಿ?"

ಭಾವ ಪೆನ್ನು ಹಿಡಿದ ಕೈಯಲ್ಲೇ ಎರಡು ಬೆರಳು ಎತ್ತಿದರು.