ಪರದೇಶದ ತೋಟದ ಮನೆ ಕಾಯೋಕೆ ಹೊರಟ ಗಂಡ-ಹೆಂಡತಿಗೆ

ದಾವಣಗೆರೆ, ಚಿತ್ರದುರ್ಗದ ಕಡೆಯ ಹೊಸ ಜೋಡಿಗಳು ಈಗೀಗ ಕೇಳೋ ಪ್ರಶ್ನೆ: "ನ್ಯೂಜಿಲೆಂಡ್‌ನಲ್ಲಿ ಬಾಡಿಗೆ ಇಲ್ದೆ ತಿಂಗಳುಗಟ್ಟಲೆ ತೋಟದ ಮನೇಲಿ ಇರಬಹುದಂತೆ, ಹೌದಾ?" ಮಾಲೀಕರು ರಜೆಗೆ ಹೋದಾಗ ಅವರ ಮನೆ, ನಾಯಿ, ಕೋಳಿ, ಕುರಿ ನೋಡಿಕೊಂಡು ಅಲ್ಲೇ ಇರೋದು. ಹೌಸ್ ಸಿಟ್ಟಿಂಗ್ ಅಂತಾರೆ. ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್ ಅನ್ನೋ ತಾಣ 2010ರಿಂದ ಇದೇ ವ್ಯವಹಾರ ನಡೆಸ್ತಿದೆ. ವರ್ಷಕ್ಕೆ ಸದಸ್ಯತ್ವದ ಹಣ ಕಟ್ಟಬೇಕು, ಆಮೇಲೆ ಮನೆಯವರಿಗೂ ಕಾಯೋರಿಗೂ ನಡುವೆ ದುಡ್ಡಿನ ಮಾತಿಲ್ಲ. ಇರಬಹುದು, ನಿಜ. ಆದರೆ ಅದನ್ನ "ಪುಕ್ಕಟೆ ಮನೆ" ಅನ್ನೋದು ಬಿಡಿ. ಹೊಳಲ್ಕೆರೆ ಕಡೆ ಅಡಿಕೆ ತೋಟದ ಕಾವಲಿನವನಿಗೆ ಶೆಡ್ಡು ಕೊಟ್ಟು "ಪುಕ್ಕಟೆ ಮನೆ ಕೊಟ್ಟಿದೀನಿ" ಅಂತ ಮಾಲೀಕ ಹೇಳಿದರೆ ಊರೆಲ್ಲ ನಗುತ್ತೆ. ಇದೂ ಅದೇ ಲೆಕ್ಕ.

ನಮ್ಮವರಿಗೆ ದನ-ಕುರಿ ಹೊಸದಲ್ಲ. ಸಗಣಿ ಮುಟ್ಟೋಕೆ ಹೇಸೋರೂ ಅಲ್ಲ. ಎಡವೋದು ಎರಡು ಕಡೆ, ಕಾಗದದಲ್ಲಿ ಮತ್ತು ನೀರಿನಲ್ಲಿ.

ಕಾಗದದ ವಿಷಯ ಮೊದಲು ಮುಗಿಸಿಬಿಡೋಣ. "ಸಂಬಳ ತಗೊಳಲ್ಲ, ಹಾಗಾಗಿ ಕೆಲಸ ಅಲ್ಲ" ಅನ್ನೋ ವಾದ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಡೆಯಲ್ಲ. ನ್ಯೂಜಿಲೆಂಡ್ ವಲಸೆ ನಿಯಮದಲ್ಲಿ ಊಟ, ವಸತಿಯೂ ಪ್ರತಿಫಲದ ಲೆಕ್ಕಕ್ಕೇ ಸೇರುತ್ತೆ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲಿ ಸಂಬಳ ಇಲ್ಲದ ಕೆಲಸಕ್ಕೂ ಅವಕಾಶ ಇಲ್ಲ. 2022ರಲ್ಲಿ ಆಸ್ಟ್ರೇಲಿಯಾದ ಮಹಿಳೆಯೊಬ್ಬರು ಬೆಕ್ಕು ನೋಡಿಕೊಳ್ಳೋಕೆ ಕೆನಡಾಕ್ಕೆ ಹೊರಟವರು ಲಾಸ್ ಏಂಜಲೀಸ್‌ನಲ್ಲೇ ತಡೆಯಲ್ಪಟ್ಟು ವಾಪಸ್ ಹೋಗಬೇಕಾಯ್ತು. ಅದು ಬೆಕ್ಕು. ನೀವು ಹೇಳ್ತಿರೋದು ನಲವತ್ತು ಕುರಿ. ಅದಕ್ಕೇ ಕೆಲವರು "ಸುಮ್ನೆ ಟೂರಿಸ್ಟ್ ಅಂತ ಹೇಳು, ಯಾರು ಕೇಳ್ತಾರೆ" ಅಂತ ಸಲಹೆ ಕೊಡ್ತಾರೆ. ಕೊಡೋರಿಗೇನು, ಪಾಸ್‌ಪೋರ್ಟ್ ಅವರದ್ದಲ್ಲ. ಬ್ರಿಟನ್ನಿನ ಅರ್ಜಿಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಹತ್ತು ವರ್ಷ ಬಾಗಿಲು ಮುಚ್ಚಬಹುದು.

ನೇರ ದಾರಿಗಳೂ ಇವೆ, ಕಿರಿದು ಅಷ್ಟೇ. ಆಸ್ಟ್ರೇಲಿಯಾ 2024ರಿಂದ ಭಾರತೀಯರಿಗೆ ವರ್ಕ್ ಅಂಡ್ ಹಾಲಿಡೇ ವೀಸಾ ಕೊಡ್ತಿದೆ: 18ರಿಂದ 30 ವರ್ಷ, ವರ್ಷಕ್ಕೆ 1,000 ಜಾಗ, ಲಾಟರಿ. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಕೂಡ ಲಾಟರಿಯೇ, 3,000 ಜಾಗ, ಡಿಗ್ರಿ ಬೇಕು. ಜೋಡಿಗಳು ಇಲ್ಲೊಂದು ಗಮನಿಸಬೇಕು. ಗಂಡನಿಗೆ ಬಂದರೆ ಹೆಂಡತಿ ಅವನ ಜೊತೆ ಹೋಗುವಂತಿಲ್ಲ. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು, ಇಬ್ಬರ ಹೆಸರೂ ಏಳಬೇಕು. ಒಬ್ಬರದೇ ಎದ್ದರೆ ಏನು ಮಾಡೋದು ಅನ್ನೋದನ್ನ ಅರ್ಜಿ ಹಾಕೋ ಮುಂಚೆ ಮಾತಾಡಿಕೊಳ್ಳಿ. ಉಳಿದ ದೇಶಗಳಿಗೆ ಹೋಗೋದಾದರೆ ಮನೆಯವರಿಂದ ಏನು ಕೆಲಸ ಅಂತ ಬರೆಸಿಕೊಂಡು, ಆ ದೇಶದ ರಾಯಭಾರ ಕಚೇರಿಗೆ ಇಮೇಲ್ ಹಾಕಿ, ಉತ್ತರ ಕಾಗದದ ಮೇಲೆ ಬಂದಮೇಲೆ ಟಿಕೆಟ್ ಮಾಡಿ. ಟ್ರಾವೆಲ್ ಏಜೆಂಟ್ ಬಾಯಿಮಾತು ಲೆಕ್ಕಕ್ಕಿಲ್ಲ.

ಇನ್ನೊಂದು ಕಾಗದ, ಡ್ರೈವಿಂಗಿನದು. ನಮ್ಮಲ್ಲಿ ಎಷ್ಟೋ ಜೋಡಿಗಳಲ್ಲಿ ಕಾರು ಓಡಿಸೋದು ಗಂಡ ಮಾತ್ರ. ಅಲ್ಲಿ ಅಂಗಡಿ ಇಪ್ಪತ್ತು ಕಿಲೋಮೀಟರ್, ಪಕ್ಕದ ಮನೆ ಎರಡು ಕಿಲೋಮೀಟರ್ ಇರಬಹುದು, ಬಸ್ಸಿಲ್ಲ. ಓಡಿಸೋನಿಗೇ ಕಾಲು ಮುರಿದರೆ? ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನು ಆರ್‌ಟಿಒದಲ್ಲೇ ಮಾಡಿಸಬಹುದು, ದಾವಣಗೆರೆಯಾದರೂ ಸರಿ, ದುರ್ಗವಾದರೂ ಸರಿ. ಫಾರ್ಮ್ 4ಎ, ಒಂದು ಸಾವಿರ ರೂಪಾಯಿ, ಒಂದು ವರ್ಷದ ಅವಧಿ. ಇಬ್ಬರೂ ಮಾಡಿಸಿ. ಹೆಂಡತಿಗೆ ಲೈಸೆನ್ಸ್ ಇದ್ದೂ ಅಭ್ಯಾಸ ಇಲ್ಲ ಅಂದರೆ ಹೊರಡೋಕೆ ಮೂರು ತಿಂಗಳು ಮುಂಚೆ ಸ್ಟೀರಿಂಗ್ ಅವರ ಕೈಗೆ ಕೊಡಿ. ತೋಟದಲ್ಲಿ ಓಡಾಡೋಕೆ ಇಟ್ಟಿರೋ ನಾಲ್ಕು ಚಕ್ರದ ಕ್ವಾಡ್ ಬೈಕನ್ನಂತೂ ಇಬ್ಬರೂ ಮುಟ್ಟಬೇಡಿ. ಆಸ್ಟ್ರೇಲಿಯಾದ ಹೊಲಗಳಲ್ಲಿ ಜನ ಸಾಯೋಕೆ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಪ್ರವಾಸದ ಇನ್ಶೂರೆನ್ಸಿನಲ್ಲಿ ಅದು ಸಾಮಾನ್ಯವಾಗಿ ಸೇರಿರಲ್ಲ.

ಈಗ ನೀರು. ಮನೆಯವರ ಜೊತೆ ವಿಡಿಯೋ ಕಾಲ್ ಮಾಡಿದಾಗ ವೈಫೈ ಸ್ಪೀಡ್ ಕೇಳೋ ಮುಂಚೆ "ನಿಮ್ಮ ಮನೆಗೆ ನೀರು ಎಲ್ಲಿಂದ?" ಅಂತ ಕೇಳಿ. ಆಸ್ಟ್ರೇಲಿಯಾದ ಹಳ್ಳಿ ಮನೆಗಳಲ್ಲಿ ಬಹಳಷ್ಟು ಕಡೆ ಚಾವಣಿಯ ಮಳೆನೀರೇ ಕುಡಿಯೋಕೆ, ಸ್ನಾನಕ್ಕೆ, ಕೆಲವೊಮ್ಮೆ ದನಕ್ಕೂ. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 200 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೂ ಸಿಗೋದು 2,000 ಲೀಟರ್. ಚಳ್ಳಕೆರೆಯವರಿಗೆ ಈ ಲೆಕ್ಕದ ಬೆಲೆ ವಿವರಿಸಬೇಕಿಲ್ಲ.

ಅಲ್ಲಿನ ಸಾಮಾನ್ಯ ತೋಟದ ಟ್ಯಾಂಕು 22,500 ಲೀಟರ್ ಹಿಡಿಯುತ್ತೆ. ಕುರಿ, ದನ ಕುಡಿಯೋ ತೊಟ್ಟಿಗೆ ಬಾಲ್‌ವಾಲ್ ಇರುತ್ತೆ, ನಮ್ಮ ಓವರ್‌ಹೆಡ್ ಟ್ಯಾಂಕಿನಲ್ಲಿ ಇರೋ ಅದೇ. ದನ ಮೂತಿಯಿಂದ ತಿವಿದು ಅದರ ತೋಳು ಬಗ್ಗಿದರೆ, ಪಾಚಿ ಸಿಕ್ಕಿಕೊಂಡರೆ, ವಾಲ್ ಮುಚ್ಚಲ್ಲ. ನಿಮಿಷಕ್ಕೆ ಐದು ಲೀಟರ್ ಹೊರಗೆ ಚೆಲ್ಲಿದರೂ ದಿನಕ್ಕೆ 7,200 ಲೀಟರ್. ಮೂರು ದಿನ ತೊಟ್ಟಿ ಕಡೆ ಹೋಗಲಿಲ್ಲ ಅಂದರೆ ತುಂಬಿದ ಟ್ಯಾಂಕು ಹೆಚ್ಚೂಕಡಿಮೆ ಖಾಲಿ, ಆಮೇಲೆ ಒಣ ಟ್ಯಾಂಕಿಗೆ ಓಡಿ ಪಂಪೂ ಸುಟ್ಟುಹೋಗಬಹುದು. ಆದ್ದರಿಂದ ದಿನಾ ಪ್ರತಿ ತೊಟ್ಟಿಗೂ ಹೋಗಿ, ಬಾಲನ್ನು ಕೈಯಿಂದ ಒತ್ತಿ ನೀರು ಬರುತ್ತಾ ನೋಡಿ, ಬಿಟ್ಟು ನಿಲ್ಲುತ್ತಾ ನೋಡಿ. ತೊಟ್ಟಿ ಸುತ್ತ ನೆಲ ಕೆಸರಾಗಿದ್ದರೆ ದನ ಚೆಲ್ಲಿದ್ದು ಅಂತ ಸಮಾಧಾನ ಮಾಡ್ಕೋಬೇಡಿ.

ಮನೆಯೊಳಗೆ ನೀರು ಬರೋದು ಪ್ರೆಶರ್ ಪಂಪಿನಿಂದ. ನಮ್ಮ ಬೋರ್ ಮೋಟರಿನ ಹಾಗೆ ಸ್ವಿಚ್ ಒತ್ತೋದಿಲ್ಲ, ನಲ್ಲಿ ತಿರುಗಿಸಿದರೆ ತಾನೇ ಶುರುವಾಗುತ್ತೆ. ಎರಡು ಸದ್ದು ಕಲಿತರೆ ಸಾಕು. ರಾತ್ರಿ ಎಲ್ಲ ನಲ್ಲಿ ಮುಚ್ಚಿದ್ದರೂ ಹತ್ತು ನಿಮಿಷಕ್ಕೊಮ್ಮೆ ಪಂಪು ಗುರ್ ಅಂದು ನಿಂತರೆ ಎಲ್ಲೋ ಸೋರ್ತಿದೆ, ಇಲ್ಲಾ ಚೆಕ್‌ವಾಲ್ ನೀರನ್ನ ಹಿಂದಕ್ಕೆ ಬಿಡ್ತಿದೆ. ಮೊದಲು ಟಾಯ್ಲೆಟ್ ಫ್ಲಶ್ ನೋಡಿ, ಬಹುಪಾಲು ಕಳ್ಳ ಅಲ್ಲೇ. ನಲ್ಲಿ ಬಿಟ್ಟಾಗ ಎರಡೆರಡು ಸೆಕೆಂಡಿಗೆ ಟಕ್-ಟಕ್ ಅಂತ ಆನ್-ಆಫ್ ಆದರೆ ಅದು ಬೇರೆ ಕಾಯಿಲೆ, ಪ್ರೆಶರ್ ಟ್ಯಾಂಕಿನೊಳಗೆ ನೀರು ತುಂಬೋ ರಬ್ಬರ್ ಚೀಲದ (ಬ್ಲಾಡರ್) ಸುತ್ತ ಇರೋ ಗಾಳಿ ಇಳಿದಿದೆ. ಪಂಪಿನ ಕರೆಂಟ್ ತೆಗೆದು, ನಲ್ಲಿ ಬಿಟ್ಟು ಪೈಪಿನ ಒತ್ತಡ ಸೊನ್ನೆಗೆ ಇಳಿಸಿ, ಆಮೇಲೆ ಟೈರಿಗೆ ಗಾಳಿ ಹೊಡೆಯೋ ಪಂಪಿನಲ್ಲೇ ತುಂಬಬಹುದು. ಪಂಪು 30 ಪಿಎಸ್‌ಐಗೆ ಶುರುವಾಗೋದಾದರೆ ಗಾಳಿ 28. ನೀರಿನ ಒತ್ತಡ ಇಳಿಸದೆ ಗಾಳಿ ಅಳೆದರೆ ಮೀಟರ್ ಸುಳ್ಳು ಹೇಳುತ್ತೆ, ಜನ ಇಲ್ಲೇ ಮೋಸ ಹೋಗೋದು. ತುಂಬಿದ ಗಾಳಿ ನಿಲ್ಲದೆ, ಗಾಳಿ ತುಂಬೋ ವಾಲ್ವಿನಿಂದ ನೀರೇ ಬಂದರೆ ಬ್ಲಾಡರ್ ಹರಿದಿದೆ. ಅದು ನಿಮ್ಮ ಕೆಲಸ ಅಲ್ಲ, ಮಾಲೀಕರಿಗೆ ಫೋನ್ ಮಾಡಿ.

ಅಡುಗೆಯವರಿಗೊಂದು ಮಾತು. ಅಲ್ಲಿ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕು. ಒಗ್ಗರಣೆ ಎಣ್ಣೆ, ಮಿರ್ಚಿ ಕರಿದ ಎಣ್ಣೆ ಸಿಂಕಿಗೆ ಸುರಿಯಬೇಡಿ. ಪಾತ್ರೆಯನ್ನ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ.

ಬೇಲಿ ನಿಮಗೆ ಗೊತ್ತಿರೋದೇ. ಕಾಡುಹಂದಿಗೆ ಅಂತ ನಮ್ಮ ಮೆಕ್ಕೆಜೋಳದ ಹೊಲಕ್ಕೆ ಹಾಕೋ ಸೋಲಾರ್ ಝಟ್ಕಾ ತಂತಿಯ ಅಣ್ಣ ಅದು. ಸೆಕೆಂಡಿಗೊಂದು ಹೊಡೆತ. ಮೀಟರ್ ಇಟ್ಟು ನೋಡಿದಾಗ 4,000 ವೋಲ್ಟಿಗಿಂತ ಕೆಳಗೆ ಬಂದರೆ ಹುಡುಕೋಕೆ ಹೊರಡಿ. ಮೊದಲು ಬೇಲಿಯ ತಂತಿಯನ್ನ ಯಂತ್ರದಿಂದ ಬಿಡಿಸಿ, ಹೊಡೆತ ಕೊಡೋ ಆ ಯಂತ್ರವನ್ನಷ್ಟೇ ಅಳೆಯಿರಿ. ಅದು ಸರಿ ಇದ್ದರೆ ತಪ್ಪು ಬೇಲಿಯಲ್ಲಿದೆ: ಹಸಿ ಹುಲ್ಲು ತಾಗಿರುತ್ತೆ, ಕೊಂಬೆ ಬಿದ್ದಿರುತ್ತೆ, ಇನ್ಸುಲೇಟರ್ ಒಡೆದಿರುತ್ತೆ. ಸಂಜೆ ಗಾಳಿ ನಿಂತಾಗ ನಡೆದು ಹೋದರೆ ಟಿಕ್ ಟಿಕ್ ಸದ್ದು ಕಿವಿಗೇ ಬೀಳುತ್ತೆ. ಬೇಸಿಗೆಯಲ್ಲಿ ಬೇಲಿ ಪೂರ್ತಿ ಸರಿ ಇದ್ದೂ ಕುರಿ ದಾಟಿದರೆ ಅರ್ಥಿಂಗ್ ಕಂಬಿ ಹೂತ ನೆಲ ಒಣಗಿರಬಹುದು. ಅಲ್ಲಿಗೆ ಒಂದು ಬಕೆಟ್ ನೀರು ಹುಯ್ದು ಮತ್ತೆ ಅಳೆಯಿರಿ.

ಕುರಿ ವಿಷಯಕ್ಕೆ ಬಂದರೆ, ನಮ್ಮ ಕಂಬಳಿ ಕುರಿ ಸಪೂರ, ದಿನಾ ಮೈಲಿಗಟ್ಟಲೆ ನಡೆಯೋ ಜೀವ. ಅಲ್ಲಿಯದು ಅಗಲ ಬೆನ್ನಿನ, ಹಾಸಿಗೆಯಷ್ಟು ಉಣ್ಣೆ ಹೊತ್ತದ್ದು. ಹಳ್ಳದಲ್ಲಿ ಹೊರಳಿ ಅಂಗಾತ ಬಿದ್ದರೆ ಏಳೋಕಾಗಲ್ಲ. ಹೊಟ್ಟೆಯಲ್ಲಿ ಗಾಳಿ ತುಂಬಿ ಕೆಲವೇ ಗಂಟೆಯಲ್ಲಿ ಸಾಯುತ್ತೆ. ದೂರದಿಂದ ನಾಲ್ಕು ಕಾಲು ಮೇಲೆ ಕಂಡರೆ ಫೋಟೋ ತೆಗೀಬೇಡಿ, ಓಡಿ. ಮಗ್ಗುಲಿಗೆ ಹೊರಳಿಸಿ, ಎಬ್ಬಿಸಿ, ತಕ್ಷಣ ಬಿಡಬೇಡಿ. ಕಾಲು ಜೋಮು ಹಿಡಿದಿರುತ್ತೆ, ಮತ್ತೆ ಬೀಳುತ್ತೆ. ನಿಮ್ಮ ಮೊಣಕಾಲಿಗೆ ಒರಗಿಸಿಕೊಂಡು ನಾಲ್ಕೈದು ನಿಮಿಷ ನಿಲ್ಲಿಸಿಕೊಳ್ಳಿ. ಇಬ್ಬರಿರೋದರ ನಿಜವಾದ ಲಾಭ ಇಲ್ಲಿ. ಒಬ್ಬರು ಹಿಡಿದರೆ ಇನ್ನೊಬ್ಬರು ಡಾಕ್ಟರಿಗೆ ಫೋನ್ ಮಾಡಬಹುದು.

ಬಾಲ ಬಡೀತಾ, ಕಾಲು ಕುಟ್ಟುತಾ, ಬೆನ್ನ ಹಿಂದೆ ಕಚ್ಚಿಕೊಳ್ತಾ ಇದ್ದು, ಉಣ್ಣೆಯ ಮೇಲೆ ಒದ್ದೆ ಕಪ್ಪು ಕಲೆ ಕಂಡರೆ ನೊಣ ಮೊಟ್ಟೆ ಇಟ್ಟು ಹುಳ ಆಗಿದೆ. ನಾಳೆ ನೋಡೋಣ ಅನ್ನೋ ಕಾಯಿಲೆ ಅಲ್ಲ. ಕುದುರೆಗೋ ದನಕ್ಕೋ ತಂದ ಮಿನರಲ್ ಹಿಂಡಿಯನ್ನ ಕುರಿಗೆ ಹಾಕಬೇಡಿ, ಅದರಲ್ಲಿರೋ ತಾಮ್ರ ಕುರಿಗೆ ವಿಷ. ಎಳೆ ಜೋಳದ ಮೇವು ದನಕ್ಕೆ ವಿಷ ಅಂತ ನಮಗೆ ಗೊತ್ತಲ್ಲ, ಹಾಗೇ ಪ್ರತಿ ಜೀವಕ್ಕೂ ಅದರದೇ ಲೆಕ್ಕ. ನಾಯಿಗೆ ಉಳಿದ ಸಾರು-ಅನ್ನ ಹಾಕೋ ನಮ್ಮ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಎಲ್ಲಾ ನಾಯಿಗೆ ವಿಷ. ಊರ ನಾಯಿ ತಿಂದು ಬದುಕಿದೆ ಅಂತ ವಾದ ಮಾಡೋರು ಬೇರೆಯವರ ನಾಯಿ ಮೇಲೆ ಪ್ರಯೋಗ ಮಾಡಬಾರದು. ಕೋಳಿ ಸುಲಭ: ಹಕ್ಕಿಗೆ ದಿನಕ್ಕೆ 120 ಗ್ರಾಂ ಆಹಾರ, ಕತ್ತಲಾಗೋ ಹೊತ್ತಿಗೆ ಎಣಿಸಿ ಬಾಗಿಲು. ಬಾಗಿಲು ತಾನೇ ಮುಚ್ಚೋ ಯಂತ್ರ ಇದ್ದರೂ ಎಣಿಸಿ. ಹೊರಗೆ ಉಳಿದ ಒಂದನ್ನ ಯಂತ್ರ ಲೆಕ್ಕ ಇಡಲ್ಲ, ನರಿ ಇಡುತ್ತೆ.

ಪ್ರಾಣಿ ಸತ್ತರೆ ಏನು ಮಾಡಬೇಕು ಅಂತ ಮೊದಲೇ ಕೇಳಿಡಿ. ಅಪಶಕುನ ಅಂದ್ಕೋಬೇಡಿ. ಬ್ರಿಟನ್ನಿನಲ್ಲಿ ಸತ್ತ ಕುರಿಯನ್ನ ಹೊಲದಲ್ಲಿ ಹೂಳೋದು ಕಾನೂನುಬಾಹಿರ, ತೆಗೆದುಕೊಂಡು ಹೋಗೋರನ್ನೇ ಕರೆಯಬೇಕು. ಪಶುವೈದ್ಯರಿಗೆ ಎಷ್ಟು ಹಣದವರೆಗೆ ನೀವು ಒಪ್ಪಿಗೆ ಕೊಡಬಹುದು ಅನ್ನೋದನ್ನೂ ಮಾಲೀಕರ ಸಹಿ ಸಮೇತ ಬರೆಸಿಕೊಳ್ಳಿ. ಮಾಲೀಕರು ಹೊರಡೋಕೆ ಎರಡು ದಿನ ಮುಂಚೆ ಹೋಗಿ. ಮೊದಲ ದಿನ ಅವರು ಮಾಡೋದನ್ನ ನೀವು ನೋಡಿ, ಎರಡನೇ ದಿನ ನೀವು ಮಾಡೋದನ್ನ ಅವರು ನೋಡಲಿ. ಪ್ರತಿ ವಾಲ್ವಿನದೂ ವಿಡಿಯೋ ಮಾಡಿಕೊಳ್ಳಿ. ಹಾಲು ಕರೆಯೋ ಕೆಲಸ, ಮರಿ ಹಾಕೋ ಕಾಲ (ಬ್ರಿಟನ್ನಿನಲ್ಲಿ ಮುಖ್ಯವಾಗಿ ಮಾರ್ಚ್-ಏಪ್ರಿಲ್) ಇದ್ದರೆ ಕೈ ಮುಗಿದು ಬೇಡ ಅನ್ನಿ. ಅದು ಸಂಬಳದ ಕೆಲಸ, ಸಂಬಳ ಕೊಟ್ಟೇ ಮಾಡಿಸಲಿ.

ಆಸ್ಟ್ರೇಲಿಯಾದ ಬೇಸಿಗೆ ಡಿಸೆಂಬರಿನಿಂದ ಫೆಬ್ರವರಿ, ಮಾಲೀಕರು ರಜೆಗೆ ಹೊರಡೋದೂ ಆಗಲೇ, ಕಾಡುಗಿಚ್ಚೂ ಆಗಲೇ. ಬೆಂಕಿ ಅಪಾಯಕ್ಕೆ 2022ರ ಸೆಪ್ಟೆಂಬರಿನಿಂದ ನಾಲ್ಕು ಹಂತ ಮಾಡಿದ್ದಾರೆ. ಕೊನೆಯ ಹಂತ ಕಟಾಸ್ಟ್ರಾಫಿಕ್ ಅಂತ ಘೋಷಿಸಿದರೆ ಹೊಗೆ ಕಾಣೋವರೆಗೂ ಕಾಯಬೇಡಿ, ಹಿಂದಿನ ರಾತ್ರಿಯೇ ಅಥವಾ ಬೆಳಗ್ಗೆ ಬೇಗ ಹೊರಟುಬಿಡಿ. ಕುರಿಯನ್ನ ಯಾವ ಬೋಳು ಹೊಲಕ್ಕೆ ಬಿಡಬೇಕು ಅಂತ ಮಾಲೀಕರು ಮೊದಲೇ ತೋರಿಸಿರಬೇಕು. ತುರ್ತು ನಂಬರು ಅಲ್ಲಿ 000, ನ್ಯೂಜಿಲೆಂಡಿನಲ್ಲಿ 111, ಯುರೋಪಿನಲ್ಲಿ 112.

ಗಂಡ-ಹೆಂಡತಿ ಒಟ್ಟಿಗೆ ಹೋದಾಗ ಒಂದು ತಪ್ಪು ಮೆಲ್ಲಗೆ ನುಸುಳುತ್ತೆ. ಗಂಡ ಬೇಲಿ ಅಳೆದು ಫೋಟೋ ಹಾಕ್ತಾನೆ. ಹೆಂಡತಿಗೆ ಅಡುಗೆ, ಪಾತ್ರೆ, ಕೋಳಿ, ನಾಯಿ, ಗಿಡಕ್ಕೆ ನೀರು. ಇಲ್ಲಿದ್ದ ಮನೆಗೆಲಸವನ್ನೇ ವಿಮಾನ ಹತ್ತಿಸಿ ಕರ್ಕೊಂಡು ಹೋದ ಹಾಗಾಯ್ತು. ವಾರಕ್ಕೊಮ್ಮೆ ಕೆಲಸ ಅದಲು-ಬದಲು ಮಾಡಿ. ನ್ಯಾಯದ ಮಾತು ಹಾಗಿರಲಿ, ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರಿಗೆ ಮೇನ್ ವಾಲ್ ಎಲ್ಲಿದೆ ಅಂತ ಗೊತ್ತಿರಬೇಕಲ್ಲ.

ಕೊನೆಗೆ ನಿಮ್ಮ ಶೂ. ಕೊಟ್ಟಿಗೆ ಇರೋ ಮನೆಯಿಂದ ಹೊರಟವರು ಇದನ್ನ ಎರಡು ಸಲ ಓದಿ. ನಮ್ಮಲ್ಲಿ ಕಾಲುಬಾಯಿ ಜ್ವರ ಇದೆ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಇಲ್ಲ. ಒಂದು ಜೋಡಿ ಶೂನ ಕೆಸರಿನಲ್ಲಿ ಆ ವೈರಸ್ ಹೋಗಿ ಇಳಿದರೆ ಅವರ ದನ-ಕುರಿಯ ರಫ್ತು ನಿಲ್ಲುತ್ತೆ. ಆಸ್ಟ್ರೇಲಿಯಾಕ್ಕೆ ಇಳಿಯುವಾಗ ತುಂಬೋ ಕಾರ್ಡಿನಲ್ಲಿ ಹಿಂದಿನ 30 ದಿನದಲ್ಲಿ ಹೊಲ, ದನಗಳ ಸಂಪರ್ಕ ಇತ್ತಾ ಅಂತ ಕೇಳ್ತಾರೆ. ಇತ್ತು ಅಂತಲೇ ಬರೆಯಿರಿ. ಹೌದು ಅಂದರೆ ಶೂ ನೋಡ್ತಾರೆ, ಬೇಕಾದರೆ ತೊಳೀತಾರೆ, ಅಷ್ಟೇ. ಹೊರಡೋ ಮುಂಚೆ ಅಡಿಯ ಗೆರೆಗಳಲ್ಲಿ ಸಿಕ್ಕ ಸಗಣಿಯನ್ನ ಹಳೇ ಬ್ರಷ್ಷಿನಲ್ಲಿ ತೆಗೆದು, ತೊಳೆದು, ಒಣಗಿಸಿ. ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಮೆಂತ್ಯ, ತುಪ್ಪ ಏನೇ ಇದ್ದರೂ ಬಚ್ಚಿಡದೆ ಘೋಷಿಸಿ. ನ್ಯೂಜಿಲೆಂಡಿನಲ್ಲಿ ಹೇಳದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಬ್ರಿಟನ್ನಿಗಂತೂ ಹಾಲಿನ ಪದಾರ್ಥ ಒಯ್ಯುವಂತೆಯೇ ಇಲ್ಲ, ಆದ್ದರಿಂದ ತುಪ್ಪದ ಡಬ್ಬಿ ಇಲ್ಲೇ ಇರಲಿ. ಚಟ್ನಿಪುಡಿಗೆ ಎಣ್ಣೆ ಹಾಕ್ಕೊಂಡರೂ ನಡೆಯುತ್ತೆ.