ಹೊಸ ಊರಲ್ಲಿ ನೆಟ್‌ವರ್ಕಿಂಗ್ ಆಮೇಲೆ ಮಾಡಿ, ಮೊದಲು ವಾರ ವಾರ ಒಂದೇ ಕಡೆ ಹೋಗಿ

ಕೆಲಸ ಸಿಕ್ಕಿ ಹೊಸ ನಗರಕ್ಕೆ ಹೊರಟವರಿಗೆಲ್ಲ ಒಂದೇ ಉಪದೇಶ. ಜನರ ಜೊತೆ ಬೆರೆಯಿರಿ, ನೆಟ್‌ವರ್ಕ್ ಬೆಳೆಸಿಕೊಳ್ಳಿ. ಎಲ್ಲಿ ಅಂತ ಕೇಳಿದರೆ ಮೀಟಪ್‌ಗೆ ಹೋಗಿ ಅನ್ನುತ್ತಾರೆ. ಅಲ್ಲಿ ಏನು ನಡೆಯುತ್ತದೆ ಅಂತ ಹೋದವರಿಗೆಲ್ಲ ಗೊತ್ತು. ಅಂಗಿ ಮೇಲೆ ಹೆಸರಿನ ಸ್ಟಿಕ್ಕರ್, "ನೀವು ಯಾವ ಕಂಪನಿ?", ಲಿಂಕ್ಡ್‌ಇನ್ ಕೋಡ್ ಸ್ಕ್ಯಾನ್, ಕೊನೆಗೊಂದು ಸೆಲ್ಫಿ. ರೂಮಿಗೆ ವಾಪಸ್ ಬರುವಾಗ ಫೋನ್ ತುಂಬ ಹೊಸ ಹೆಸರುಗಳು. ಭಾನುವಾರ ಮಧ್ಯಾಹ್ನ ಬೇಜಾರಾದಾಗ ಅವರಲ್ಲಿ ಯಾರಿಗೆ ಫೋನ್ ಮಾಡ್ತೀರಿ ಹೇಳಿ?

ಪರಿಚಯದವರಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೊಸ ಕೆಲಸದ ಸುದ್ದಿ ಎಷ್ಟೋ ಸಲ ಆಪ್ತರಿಗಿಂತ ಅಪರೂಪಕ್ಕೆ ಸಿಗುವವರಿಂದ ಬರುತ್ತದೆ ಅಂತ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಬರೆದಿದ್ದರು. ಸಹಜ ತಾನೇ. ಆಪ್ತರ ಹತ್ತಿರ ಇರುವ ಸುದ್ದಿ ನಮ್ಮ ಹತ್ತಿರವೂ ಇರುತ್ತದೆ, ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು.

ಆದರೆ ಕೆಲಸಕ್ಕೆ ಸೇರಿದ ದಿನ ಎಚ್‌ಆರ್ ಒಂದು ಫಾರಂ ಕೊಡುತ್ತಾರಲ್ಲ, ಅದರಲ್ಲಿ ತುರ್ತು ಸಂದರ್ಭಕ್ಕೆ ಒಂದು ನಂಬರ್ ಕೇಳಿರುತ್ತಾರೆ. ಹೆಚ್ಚಿನವರು ಅಪ್ಪನದೋ ಅಮ್ಮನದೋ ಬರೆಯುತ್ತಾರೆ. ಅವರು ಗಾಬರಿ ಬಿದ್ದು ಹೊರಟು ಬಂದು ತಲುಪುವ ಹೊತ್ತಿಗೆ ಒಂದು ರಾತ್ರಿ ಕಳೆದಿರುತ್ತದೆ. ಆ ಜಾಗದಲ್ಲಿ ಅದೇ ಊರಿನ ಒಬ್ಬರ ನಂಬರ್ ಧೈರ್ಯವಾಗಿ ಬರೆಯಬೇಕು ಅಂದ್ರೆ ನಿಮಗೆ ಬೇಕಾಗಿರುವುದು ನೆಟ್‌ವರ್ಕ್ ಅಲ್ಲ.

ಅದಕ್ಕೆ ಬೇಕಾಗಿರುವುದು ಸಮಯ, ಅದೂ ಸಿಕ್ಕಾಪಟ್ಟೆ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬುವರ ಅಧ್ಯಯನವೊಂದು 2018ರಲ್ಲಿ ಬಂತು. ಹೊಸ ಊರಿಗೆ ಬಂದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ಮಾಡಿದ್ದು. ಬರೀ ಪರಿಚಯ ಸಾಧಾರಣ ಗೆಳೆತನ ಆಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ನಿಜವಾದ ಗೆಳೆತನಕ್ಕೆ ಸುಮಾರು 90, ಆಪ್ತರಾಗಲು 200ಕ್ಕೂ ಹೆಚ್ಚು. ಲೆಕ್ಕ ಹಾಕಿ ನೋಡಿ. ವಾರಕ್ಕೆ ಎರಡು ಗಂಟೆ ಅಂತ ಹಿಡಿದರೂ ಮೊದಲ ಹಂತಕ್ಕೇ ಆರು ತಿಂಗಳು ಬೇಕು! ನಾವೋ, ಮೂರು ವಾರ ಹೋಗಿ "ಈ ಊರಿನ ಜನ ಯಾಕೋ ಹತ್ತಿರ ಸೇರಿಸಲ್ಲ" ಅಂತ ತೀರ್ಮಾನ ಕೊಟ್ಟು ಮತ್ತೆ ಫೋನ್ ಹಿಡಿದು ಮಲಗುತ್ತೇವೆ.

ಆಫೀಸಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ಜೊತೆಗೇ ಇರುತ್ತೇವಲ್ಲ ಅನ್ನಬಹುದು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಗೆಳೆತನಕ್ಕೆ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಅದೇ ಅಧ್ಯಯನ ಹೇಳುತ್ತದೆ. ನನಗಂತೂ ಇದು ಪೂರ್ತಿ ನಿಜ ಅನ್ನಿಸುತ್ತದೆ. ಆಫೀಸಿನ ಗೆಳೆಯರು ಸುಳ್ಳು ಗೆಳೆಯರು ಅಂತಲ್ಲ, ಇರುವವರೆಲ್ಲ ಆಫೀಸಿನವರೇ ಆದರೆ ಕಷ್ಟ. ಲೇಆಫ್ ಆದ ದಿನ ಲ್ಯಾಪ್‌ಟಾಪ್ ಲಾಕ್ ಆಗುತ್ತದೆ, ಚಾಟ್ ಅಕೌಂಟ್ ಹೋಗುತ್ತದೆ, ಆ ಊರಿನಲ್ಲಿ ನಿಮ್ಮನ್ನು ಬಲ್ಲವರೆಲ್ಲ ಅದರ ಜೊತೆಗೇ ಮಾಯ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಾದ ದಿನವೇ ಯಾರೂ ಇಲ್ಲ.

ಹಾಗಾಗಿ ವಾರಕ್ಕೊಂದು ಹೊಸ ಕಾರ್ಯಕ್ರಮ ಹುಡುಕಿಕೊಂಡು ಅಲೆಯಬೇಡಿ. ಒಂದನ್ನು ಹಿಡಿಯಿರಿ. ಬ್ಯಾಡ್ಮಿಂಟನ್ ಆಗಲಿ, ಚೆಸ್ ಆಗಲಿ, ನಾಟಕದ ತಂಡ ಆಗಲಿ. ಮನೆಗೆ ಹತ್ತಿರ ಇದ್ದರೆ ಒಳ್ಳೆಯದು, ಟ್ರಾಫಿಕ್ ದಾಟಿ ಹೋಗಬೇಕಾದದ್ದು ಎರಡನೇ ತಿಂಗಳಿಗೇ ತಪ್ಪಿಹೋಗುತ್ತದೆ. ನಿಮ್ಮ ಭಾಷೆಯವರದೇ ಗುಂಪು ಇದ್ದರೆ ಅಲ್ಲಿಗೂ ಹೋಗಿ, ಮನಸ್ಸು ಹಗುರ ಆಗುತ್ತದೆ, ಆದರೆ ಅಲ್ಲಿಗಷ್ಟೇ ಹೋಗುತ್ತಿದ್ದರೆ ಊರು ಹೊಸದಾಗಿಯೇ ಉಳಿಯುತ್ತದೆ. (ಬರೀ ಗುಡ್ ಮಾರ್ನಿಂಗ್ ಬರುವ ವಾಟ್ಸಾಪ್ ಗುಂಪು ಲೆಕ್ಕಕ್ಕಿಲ್ಲ.)

ಮಾತು ಕಮ್ಮಿ ಇರುವವರಿಗೆ ಒಂದು ಸಮಾಧಾನ. ಹೊಸಬರ ಜೊತೆ ಮಾತಾಡಿ ಬಂದ ಮೇಲೆ "ಛೆ, ಅವರಿಗೆ ಬೋರ್ ಹೊಡೆಸಿದೆ" ಅನ್ನಿಸುತ್ತದಲ್ವಾ? ಮನಶ್ಶಾಸ್ತ್ರಜ್ಞರು ಇದನ್ನೂ ಪರೀಕ್ಷೆ ಮಾಡಿದ್ದಾರೆ, ಸಾಮಾನ್ಯವಾಗಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಆಚೆಯವರಿಗೆ ನಾವು ಇಷ್ಟವಾಗಿರುತ್ತೇವೆ. ಮರುದಿನ ನೀವೇ ಮೊದಲು ಮೆಸೇಜ್ ಮಾಡಿ. ಮನೆ ಶಿಫ್ಟ್ ಮಾಡುವಾಗ ಪ್ಯಾಕರ್ಸ್‌ಗೆ ಹೇಳುವ ಬದಲು ಒಬ್ಬರನ್ನು ಕರೆದು ನೋಡಿ, ಮುಂದಿನ ಸಲ ಅವರೂ ನಿಮ್ಮನ್ನು ಕೇಳಲು ಹಿಂಜರಿಯುವುದಿಲ್ಲ.

ಹತ್ತಿರದಲ್ಲಿ ಏನೂ ಇಲ್ಲದಿದ್ದರೆ ನೀವೇ ಶುರು ಮಾಡಬಹುದು. ಪಾರ್ಕಿನಲ್ಲಿ ವಾರ ವಾರ ಜನ ಸೇರಿ ಓಡುವ ಪಾರ್ಕ್‌ರನ್ ಹುಟ್ಟಿದ್ದು ಹಾಗೇ. ಪಾಲ್ ಸಿಂಟನ್-ಹೆವಿಟ್ ಎಂಬುವರಿಗೆ ಗಾಯವಾಗಿ ಓಡಲಾಗುತ್ತಿರಲಿಲ್ಲ, ಗೆಳೆಯರ ಒಡನಾಟ ತಪ್ಪಬಾರದು ಅಂತ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಓಟ ಏರ್ಪಾಡು ಮಾಡಿದರು. 2004ರ ಅಕ್ಟೋಬರ್‌ನ ಆ ಮೊದಲ ದಿನ ಓಡಿದವರು 13 ಜನ. ಈಗ ಅದು ಎಷ್ಟೋ ದೇಶಗಳಲ್ಲಿದೆ, ಈಗಲೂ ಫ್ರೀ, ಈಗಲೂ ವಾರಕ್ಕೊಮ್ಮೆ. ನಿಮ್ಮದು ಅಷ್ಟು ದೊಡ್ಡದಾಗಬೇಕಿಲ್ಲ. "ಶನಿವಾರ ಏಳಕ್ಕೆ, ಅದೇ ಜಾಗ" ಅಂತ ವಾರ ವಾರ ಮೆಸೇಜ್ ಹಾಕುವ ಬೋರಿಂಗ್ ಕೆಲಸ ಯಾರಿಗೂ ಬೇಡ, ಅದನ್ನು ನೀವು ಹೊತ್ತುಕೊಳ್ಳಿ. ಒಬ್ಬರೇ ಬಂದರೂ ಆ ವಾರದ ಆಟ ಕ್ಯಾನ್ಸಲ್ ಮಾಡಬೇಡಿ.